ಅತಿಥಿಯ ಸರದಿ

ಪರದೇಶದಲ್ಲಿ ಕಂಡ ಕೋಟೆಕೊತ್ತಲಗಳು ಭಾವಚಿತ್ರಗಳಲ್ಲಿ ಉಳಿಯುತ್ತವೆ. ಮನಸ್ಸಿನಲ್ಲಿ ಉಳಿಯುವುದು ಬಹುಮಟ್ಟಿಗೆ ಯಾರದೋ ಮನೆಯ ಅಂಗಳ. ಬೆನ್ನಿಗೊಂದು ಚೀಲವೇರಿಸಿ ಮಿತವ್ಯಯದಲ್ಲಿ ದೇಶ ಸುತ್ತುವವರಿಗೆ ಈ ಭಾಗ್ಯ ತುಸು ಹೆಚ್ಚು. ಅವರ ದಿನಚರಿ ಸಡಿಲವಾದುದು. ಅಪರಿಚಿತರು ಕರೆದರೆ ಹೋಗುವಷ್ಟು ಬಿಡುವು ಅವರಿಗುಂಟು. ಆದರೆ ಹಾಗೆ ಕರೆದವರ ಮನೆಯಲ್ಲಿ ಉಂಡ ಅತಿಥಿ ಅವರಿಗೆ ಕೊಡಬೇಕಾದುದೇನು? ಜಾರ್ಜಿಯಾ ದೇಶದ ಹಳ್ಳಿಯೊಂದರಲ್ಲಿ ಈ ಪ್ರಶ್ನೆಗೆ ದೊರೆತ ಉತ್ತರವನ್ನು ಈ ವಾರ ವಾಚಕರ ಮುಂದಿಡುತ್ತೇನೆ.

ಕಾಕಸಸ್ ಪರ್ವತಗಳಿಗೂ ಕಪ್ಪು ಸಮುದ್ರಕ್ಕೂ ನಡುವೆ ಇರುವ ಈ ನಾಡಿನ ಜನಸಂಖ್ಯೆ ನಮ್ಮ ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಇದರ ಪೂರ್ವಭಾಗವಾದ ಕಾಖೇತಿ ಪ್ರಾಂತ ದ್ರಾಕ್ಷಿಯ ಸೀಮೆ. ಅಲ್ಲಿಯ ಸಿಘ್ನಾಘಿ ಎಂಬುದು ಗುಡ್ಡದ ಮೇಲಿನ ಪುಟ್ಟ ಪಟ್ಟಣ. ಸುತ್ತ ಹದಿನೆಂಟನೆಯ ಶತಮಾನದ ಕೋಟೆಗೋಡೆ, ಕೆಳಗೆ ಅಲಜಾನಿ ನದಿಯ ಬಯಲು, ಅದರಾಚೆ ಹಿಮದ ಶಿಖರಗಳು. ನಾವು ಮೂವರು ಗೆಳೆಯರು ಅಲ್ಲಿಗೆ ಹೋದದ್ದು ದ್ರಾಕ್ಷಿಯ ಸುಗ್ಗಿಯಲ್ಲಿ. ಒಂದು ಸಂಜೆ ಬಯಲಿನ ಹಳ್ಳಿಯ ದಾರಿಯಲ್ಲಿ ವ್ಯಾನಿಗಾಗಿ ಕಾಯುತ್ತಿದ್ದೆವು. ಬಂದ ವ್ಯಾನು ತುಂಬಿ ತುಳುಕುತ್ತಿದ್ದುದರಿಂದ ನಿಲ್ಲದೆ ಹೋಯಿತು. ಹಿಂದೆಯೇ ಬಂದ ದ್ರಾಕ್ಷಿಯ ಲಾರಿ ನಿಂತಿತು. ಅದರಲ್ಲಿದ್ದ ಹಿರಿಯರೊಬ್ಬರು ನಮ್ಮ ಮುಖಗಳನ್ನು ನೋಡಿ, “ಇಂದೋಯೆತಿ?” ಎಂದರು. ಅವರ ನುಡಿಯಲ್ಲಿ ಭಾರತಕ್ಕೆ ಅದೇ ಹೆಸರು. ತಲೆಯಾಡಿಸಿದೆವು. ಮರುಗಳಿಗೆಯಲ್ಲಿ ದ್ರಾಕ್ಷಿಯ ಬುಟ್ಟಿಗಳ ನಡುವೆ ನಮಗೂ ಸ್ಥಳವಾಗಿತ್ತು.

ಅವರ ಅಂಗಳದ ದ್ರಾಕ್ಷಿಚಪ್ಪರದ ಕೆಳಗೆ ಉದ್ದನೆಯ ಮೇಜು. ಬಳಗವೆಲ್ಲ ಸೇರಿ ಇಪ್ಪತ್ತು ಮಂದಿ. ಮಣ್ಣಿನ ಗಡಿಗೆಯಲ್ಲಿ ಬೇಯಿಸಿದ ಹುರುಳಿಕಾಯಿಬೀಜ, ಅಕ್ರೋಟ ಅರೆದು ಕಲಸಿದ ಪಾಲಕ್ ಸೊಪ್ಪು, ಮಣ್ಣಿನ ಒಲೆಯ ಗೋಡೆಗೆ ಬಡಿದು ಸುಟ್ಟ ರೊಟ್ಟಿ. ಆ ರೊಟ್ಟಿಯ ಹೆಸರು ‘ಪುರಿ’ ಎಂದು ಕೇಳಿದಾಗ ನಾವು ನಕ್ಕೆವು. ದುಭಾಷಿಯಾಗಿ ಕುಳಿತಿದ್ದವಳು ಆ ಮನೆಯ ಮೊಮ್ಮಗಳು, ಶಾಲೆಯಲ್ಲಿ ತಕ್ಕಮಟ್ಟಿಗೆ ಇಂಗ್ಲಿಷ್ ಕಲಿತ ಹುಡುಗಿ. ಅವರ ಭಾಷೆಯಲ್ಲಿ ‘ದೆದಾ’ ಎಂದರೆ ತಾಯಿ, ‘ಮಾಮಾ’ ಎಂದರೆ ತಂದೆ ಎಂದು ಅವಳು ಹೇಳಿದಳು. ನಮ್ಮಲ್ಲಿ ಮಾಮನೆಂದರೆ ತಾಯಿಯ ಸೋದರನೆಂದು ತಿಳಿದು ಈಗ ನಗುವ ಸರದಿ ಅವರದಾಯಿತು.

ನೆಲದಲ್ಲಿ ಹೂತ ಬೃಹತ್ತಾದ ಮಣ್ಣಿನ ಹರವಿಗಳಲ್ಲಿ ದ್ರಾಕ್ಷಾರಸವನ್ನು ಹುಳಿಯಿಸಿ ಮದ್ಯ ಮಾಡುವುದು ಆ ನಾಡಿನ ಪುರಾತನ ವಿದ್ಯೆ. 2013ರಲ್ಲಿ ಯುನೆಸ್ಕೋ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಾನು ಮದ್ಯ ಮುಟ್ಟುವವನಲ್ಲವೆಂದು ತಿಳಿದ ಮನೆಯೊಡತಿ ಆಗತಾನೆ ಹಿಂಡಿದ ರಸವನ್ನು ಅಂಥದೇ ಬಟ್ಟಲಿನಲ್ಲಿ ತಂದಿಟ್ಟರು. ಪಾತ್ರೆಯಲ್ಲಿ ಏನಿದೆಯೆಂಬುದು ಅಲ್ಲಿ ಮುಖ್ಯವಾಗಲಿಲ್ಲ. ಮಾತಿಲ್ಲದೆ ಒಂದು ಗುಟುಕೂ ಕುಡಿಯಬಾರದೆಂಬುದೇ ಮುಖ್ಯವಾದ ನಿಯಮ.

ಈ ಔತಣಕ್ಕೆ ‘ಸುಪ್ರಾ’ ಎಂದು ಹೆಸರು. ಅದರ ಅಧ್ವರ್ಯು ‘ತಮಾದಾ’. ಆತ ಎದ್ದು, ಯಾವುದಾದರೊಂದು ವಿಷಯವನ್ನೆತ್ತಿ ನಾಲ್ಕು ಮಾತು ಹೇಳುತ್ತಾನೆ. ಮಿಕ್ಕವರು ತಮ್ಮ ಮಾತು ಸೇರಿಸುತ್ತಾರೆ. ಬಳಿಕ ‘ಗೌಮಾರ್ಜೋಸ್’, ಗೆಲುವಾಗಲಿ, ಎಂದು ಬಟ್ಟಲೆತ್ತುತ್ತಾರೆ. ಆ ರಾತ್ರಿ ಮೊದಲ ಮಾತು ಶಾಂತಿಗೆ, ಆಮೇಲಿನದು ತಾಯ್ನಾಡಿಗೆ, ಮೂರನೆಯದು ನಮಗೆ. ಅತಿಥಿ ದೇವರು ಕಳುಹಿಸಿದವನೆಂಬ ಗಾದೆ ಅವರಲ್ಲಿಯೂ ಉಂಟು. ತಮಾದಾ ತಾನೆತ್ತಿದ ವಿಷಯವನ್ನು ಇನ್ನೊಬ್ಬರಿಗೆ ದಾಟಿಸಲೂಬಹುದು. ‘ಅಲಾವೆರ್ದಿ’ ಎಂದು ಆತ ಕೈ ತೋರಿದರೆ ಆ ವ್ಯಕ್ತಿ ಮಾತನಾಡಲೇಬೇಕು.

ಅಗಲಿದವರ ಸ್ಮರಣೆ ಬಂತು. ಲಾರಿಯ ಹಿರಿಯರೇ ಅಂದಿನ ತಮಾದಾ. ಅವರ ಕೈ ನನ್ನ ಗೆಳೆಯನ ಕಡೆಗೆ ಚಾಚಿತು. ಆ ವರ್ಷದ ಆಷಾಢದಲ್ಲಿ ಅವನ ತಾಯಿ ತೀರಿಕೊಂಡಿದ್ದರು. ನಮ್ಮೊಡನೆ ಹದಿನೈದು ದಿನ ತಿರುಗಿದವನು ಒಂದು ದಿನವಾದರೂ ಆ ಮಾತೆತ್ತಿರಲಿಲ್ಲ. ಕೇಳುವ ಧೈರ್ಯ ನಮಗೂ ಇರಲಿಲ್ಲ. ಅವನೆದ್ದು ಇಂಗ್ಲಿಷಿನಲ್ಲಿ ಎರಡು ವಾಕ್ಯ ಹೇಳಿ ನಿಂತುಬಿಟ್ಟ. ಹಿರಿಯರು ಮೊಮ್ಮಗಳಿಗೆ ಏನೋ ಅಂದರು. “ನಿಮ್ಮ ದೆದಾ ಎನಾದಲ್ಲಿ ಹೇಳಬೇಕಂತೆ,” ಎಂದಳು ಆಕೆ. ದೆದಾ ಎನಾ ಎಂದರೆ ತಾಯಿನುಡಿ. ಯಾಕೋಬ್ ಗೋಗೆಬಾಶ್ವಿಲಿ 1876ರಲ್ಲಿ ಪ್ರಕಟಿಸಿದ ಜಾರ್ಜಿಯನ್ ಬಾಲಬೋಧೆಯ ಹೆಸರೂ ಅದೇ.

ಗೆಳೆಯ ಕನ್ನಡದಲ್ಲಿ ಹೇಳಿದ. ದೊಡ್ಡ ಮಾತುಗಳೇನೂ ಇರಲಿಲ್ಲ. ತಾನು ಊರಿಗೆ ಬರುವ ರಾತ್ರಿ ಅವ್ವ ಬಾಗಿಲಿಗೆ ಅಗಳಿ ಹಾಕದೆ ಕಾಯುತ್ತಿದ್ದುದು. ಕೊನೆಯ ಬಸ್ಸಿನ ಸದ್ದು ಕೇಳಿದೊಡನೆ ಸಾರನ್ನು ಬಿಸಿಗಿಡುತ್ತಿದ್ದುದು. ಈ ಸಲ ಬಸ್ಸಿಳಿದು ಬಂದಾಗ ಬಾಗಿಲಿಗೆ ಬೀಗವಿದ್ದುದು. ನಾವಿಬ್ಬರ ಹೊರತು ಅಲ್ಲಿ ಯಾರಿಗೂ ಒಂದು ಶಬ್ದವೂ ತಿಳಿಯದು. ಆದರೂ ಅವನ ದನಿ ಕಟ್ಟಿದಾಗ ಗಂಡಸರೆಲ್ಲ ಎದ್ದು ನಿಂತರು. ಮನೆಯೊಡತಿ ಸೆರಗಿನಂತೆ ಮುಂದುಡೆಯನ್ನು ಕಣ್ಣಿಗೊತ್ತಿಕೊಂಡರು. ಅನುವಾದಿಸೆಂದು ಯಾರೂ ಹುಡುಗಿಯನ್ನು ಕೇಳಲಿಲ್ಲ. ಅದರ ಬೆನ್ನಿಗೆ ಎತ್ತಿದ ಬಟ್ಟಲು ಮಕ್ಕಳಿಗಾಗಿ. ಸಾವಿನ ಮಾತನ್ನು ಅಲ್ಲಿಗೇ ನಿಲ್ಲಿಸದೆ ಬದುಕಿನ ಕಡೆಗೆ ಹೊರಳಿಸುವುದು ಅವರ ಸಂಪ್ರದಾಯ.

ಆಗ ಹಿರಿಯರು ತಮ್ಮ ನುಡಿಯ ಕತೆಯೊಂದನ್ನು ಹೇಳಿದರು. ಸೋವಿಯತ್ ಆಳ್ವಿಕೆಯಲ್ಲಿ ಜಾರ್ಜಿಯನ್ ಭಾಷೆಗಿದ್ದ ರಾಜ್ಯಭಾಷೆಯ ಸ್ಥಾನವನ್ನು ಸಂವಿಧಾನದಿಂದ ತೆಗೆಯಲು ಹೊರಟಾಗ, 1978ರ ಏಪ್ರಿಲ್ 14ರಂದು ಟ್ಬಿಲಿಸಿಯ ಬೀದಿಗಳಲ್ಲಿ ಜನ ನೆರೆದರು; ಸರಕಾರ ಮಣಿಯಿತು. ಆ ಗುಂಪಿನಲ್ಲಿ ವಿದ್ಯಾರ್ಥಿಯಾಗಿದ್ದ ತಾವೂ ನಿಂತಿದ್ದುದಾಗಿ ಅವರೆಂದರು. ಗೆಳೆಯನಿಗೆ ಅವನ ನುಡಿಯಲ್ಲೇ ಹೇಳೆಂದುದರ ಹಿಂದಿನ ಕಾರಣ ನಮಗಾಗ ತಿಳಿಯಿತು.

ನಡುರಾತ್ರಿಯ ಮೇಲೆ ಹಾಡು. ಇಬ್ಬರು ಮೇಲಿನ ದನಿಯಲ್ಲಿ ಹಾಡಿದರೆ ಉಳಿದವರು ನಮ್ಮ ತಂಬೂರಿಯ ಶ್ರುತಿಯಂತೆ ಒಂದೇ ಸ್ವರವನ್ನು ಹಿಡಿದು ನಿಂತರು. ಕಾಖೇತಿಯ ‘ಚಾಕ್ರುಲೋ’ ಎಂಬ ಇಂಥದೇ ಹಾಡು 1977ರಲ್ಲಿ ವಾಯೇಜರ್ ನೌಕೆಗಳ ಧ್ವನಿಮುದ್ರಿಕೆಯಲ್ಲಿ ಸೇರಿ ಅಂತರಿಕ್ಷಕ್ಕೆ ಹೋಗಿದೆ.

ಬೆಳಿಗ್ಗೆ ನಾವು ಹಣ ಕೊಡಹೋದಾಗ ಹಿರಿಯರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಅತಿಥಿಯಿಂದ ಅವರು ಬಯಸಿದ್ದು ರಾತ್ರಿಯೇ ಸಂದಿತ್ತು: ಮನಸ್ಸಿನಿಂದ ಬಂದ ನಾಲ್ಕು ಮಾತು. ಊಟದ ಪಂಕ್ತಿಯಲ್ಲಿ ಶ್ಲೋಕವನ್ನೋ ಪದ್ಯವನ್ನೋ ಹೇಳುವ ವಾಡಿಕೆ ನಮ್ಮ ಮಲೆನಾಡಿನ, ಕರಾವಳಿಯ ಮದುವೆಮನೆಗಳಲ್ಲಿಯೂ ಉಂಟು. ಇಂದು ನಾವು ಬಡಿಸಿದ ಭಕ್ಷ್ಯಗಳನ್ನು ಎಣಿಸುತ್ತೇವೆ, ಮಾತನ್ನು ಎಣಿಸುವುದಿಲ್ಲ. ಚೀಲ ಬೆನ್ನಿಗೇರಿಸಿ ಹೊರಡುವ ತರುಣರಿಗೆ ನನ್ನ ಸೂಚನೆ ಇಷ್ಟೇ: ಉಣ್ಣೆಯ ಉಡುಪು ಒಂದು ಕಡಿಮೆಯಾದರೂ ನಡೆದೀತು, ತಾಯಿಯ ಬಗೆಗೆ, ಊರಿನ ಬಗೆಗೆ ತಾಯಿನುಡಿಯಲ್ಲಿ ನಾಲ್ಕು ಮಾತು ಹೇಳಬಲ್ಲವರಾಗಿ ಹೋಗಿರಿ. ಸರದಿ ಯಾವ ಮೇಜಿನಲ್ಲಿ ಬಂದೀತೆಂದು ಯಾರು ಬಲ್ಲರು!