ಕಾಮಾ ಹಾಕುವ ಹೊಣೆ ಯಾರದು?

ಬೀದರ್, ಭಾಲ್ಕಿ, ಔರಾದ್‌ನಿಂದ ಇಂಗ್ಲಿಷ್‌ನಲ್ಲಿ ಸುದ್ದಿ ಕಳಿಸುವಾಗ ಕಾಮಾ, ಕೊಟೇಶನ್‌ಗಳನ್ನು ಡೆಸ್ಕ್‌ನವರು ಹಾಕಿಕೊಳ್ಳಲಿ ಎಂದು ಬಿಡುವುದು ಸರಿಯಲ್ಲ ಎನ್ನುತ್ತೇವೆ ನಾವು. ಕನ್ನಡದಲ್ಲಿ ಒಬ್ಬರ ಮಾತು ಎಲ್ಲಿ ಮುಗಿಯಿತು ಎಂಬುದನ್ನು ‘ಎಂದು’ ತೋರಿಸಿಬಿಡುತ್ತದೆ. ಇಂಗ್ಲಿಷ್‌ನಲ್ಲಿ ಆ ಕೆಲಸ ಬಹುಪಾಲು ಚಿಹ್ನೆಗಳದ್ದು.

‘ದ ಪೊಲೀಸ್ ಸೆಡ್ ದ ಅಕ್ಯೂಸ್ಡ್ ಫ್ಲೆಡ್’ ಎಂದರೆ ಓಡಿದವನು ಆರೋಪಿ. ‘ಪೊಲೀಸ್’ ನಂತರ ಒಂದು, ‘ಅಕ್ಯೂಸ್ಡ್’ ನಂತರ ಒಂದು ಕಾಮಾ ಹಾಕಿ ನೋಡಿ: ಓಡಿದವರು ಪೊಲೀಸರು, ಹೇಳಿದವನು ಆರೋಪಿ!

ಅಮೆರಿಕದ ಮೇನ್ ರಾಜ್ಯದ ಓವರ್‌ಟೈಮ್ ಕಾನೂನಿನಲ್ಲಿ ಒಂದು ಕಾಮಾ ಇರಲಿಲ್ಲ. ಆ ವ್ಯಾಜ್ಯದಲ್ಲಿ ಓಕ್‌ಹರ್ಸ್ಟ್ ಡೈರಿ 2018ರಲ್ಲಿ ಚಾಲಕರಿಗೆ 50 ಲಕ್ಷ ಡಾಲರ್ ಕೊಡಲು ಒಪ್ಪಿತು.

ಡೆಸ್ಕ್‌ನವರು ಔರಾದ್‌ಗೆ ಬಂದಿರುವುದಿಲ್ಲ. ಯಾರು ಏನು ಹೇಳಿದರು ಎಂಬುದು ಸ್ಥಳದಲ್ಲಿದ್ದು ಕೇಳಿದವರಿಗೇ ಗೊತ್ತು. ಕಾಮಾದ ಹೊಣೆಯೂ ಅವರದೇ.