ಮೊಡವೆ ಔಷಧ: ಅತಿಯಾದ ಪರೀಕ್ಷೆ, ಕೈಬಿಟ್ಟ ಪರೀಕ್ಷೆ

ಗುಳಿ ಬೀಳಿಸುವಂಥ ತೀವ್ರ ಮೊಡವೆಗೆ ಐಸೊಟ್ರೆಟಿನಾಯಿನ್ ಅನ್ನು ಮೀರಿಸುವ ಔಷಧ ಇವತ್ತಿಗೂ ಬಂದಿಲ್ಲ. 1982ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಈ ಕ್ಯಾಪ್ಸೂಲ್ ಈಗ ನಮ್ಮ ತಾಲ್ಲೂಕು ಕೇಂದ್ರಗಳ ಔಷಧದಂಗಡಿಗಳಲ್ಲೂ ಸಿಗುತ್ತದೆ. ‘ಎ’ ಜೀವಸತ್ವದ ಕುಲಕ್ಕೆ ಸೇರಿದ, ಬಲು ಗಟ್ಟಿ ಔಷಧ ಇದು. ನುಂಗುವವರ ರಕ್ತದ ಮೇಲೆ ಒಂದು ಕಣ್ಣಿಡಬೇಕು ಎನ್ನುವುದರಲ್ಲಿ ಎರಡು ಮಾತಿಲ್ಲ. ಏನನ್ನು ನೋಡಬೇಕು, ಎಷ್ಟು ಸಲ, ಯಾರ ಖರ್ಚಿನಲ್ಲಿ ಎಂಬಲ್ಲಿ ನಾವು ದಾರಿ ತಪ್ಪಿದ್ದೇವೆ. ಬೇಡದ ಪರೀಕ್ಷೆಗಳು ತಿಂಗಳು ತಿಂಗಳು ನಡೆಯುತ್ತವೆ. ಬೇಕೇ ಬೇಕಾದ ಒಂದು ಪರೀಕ್ಷೆಯನ್ನು ಸಂಕೋಚಕ್ಕೆ ಬಲಿಕೊಟ್ಟಿದ್ದೇವೆ.

ಪುಣೆ ಜಿಲ್ಲೆಯ ಭೋರ್‌ನಂಥ ಊರಿನಲ್ಲಿ ನಿಂತು ನೋಡಿದರೆ ಇದು ಚೆನ್ನಾಗಿ ಕಾಣುತ್ತದೆ. ಪುಣೆಯಿಂದ ಬರುವಾಗ ಪುಣೆ–ಬೆಂಗಳೂರು ಹೆದ್ದಾರಿಯ ಕಾಪೂರ್‌ಹೋಳ್‌ನಲ್ಲಿ ಬಲಕ್ಕೆ ತಿರುಗಿದರೆ ಸಿಗುವ, ನೀರಾ ನದಿ ದಡದ ಹಳೆಯ ಸಂಸ್ಥಾನದ ಪಟ್ಟಣವಿದು. ಸುತ್ತ ಸಹ್ಯಾದ್ರಿಯ ಮಳೆ, ಭತ್ತದ ಗದ್ದೆ, ಭಾಟಘರ್ ಜಲಾಶಯದ ಹಿನ್ನೀರು. ಪುಣೆ ಐವತ್ತು ಕಿಲೊಮೀಟರಿಗೂ ದೂರ. ಚರ್ಮರೋಗ ತಜ್ಞರನ್ನು ಕಾಣಬೇಕೆಂದು ಅಲ್ಲಿಗೆ ಹೊರಟವರಿಗೆ ಒಂದು ದಿನದ ಕೂಲಿಯೋ ಕಾಲೇಜೋ ತಪ್ಪಿತೆಂದೇ ಲೆಕ್ಕ. ಹುಕ್ಕೇರಿಯಿಂದ ಬೆಳಗಾವಿಗೆ, ಶಿರಹಟ್ಟಿಯಿಂದ ಹುಬ್ಬಳ್ಳಿಗೆ ಹೋಗುವವರ ಪಾಡೂ ಇದೇ. ‘ತಿಂಗಳಿಗೊಮ್ಮೆ ರಕ್ತ ಕೊಟ್ಟು ಬನ್ನಿ’ ಎಂದರೆ ಇಂಥ ಊರಿನ ಹುಡುಗ ಎರಡನೇ ತಿಂಗಳಿಗೇ ವೈದ್ಯರನ್ನು ಬಿಡುತ್ತಾನೆ. ಔಷಧವನ್ನು ಮಾತ್ರ ಬಿಡುವುದಿಲ್ಲ. ಹಳೇ ಚೀಟಿ ತೋರಿಸಿಯೋ, ಖಾಲಿ ಸ್ಟ್ರಿಪ್ ತೋರಿಸಿಯೋ ಅಂಗಡಿಯಲ್ಲಿ ಕೊಳ್ಳುತ್ತಾನೆ. ನಿಗಾ ಹೆಚ್ಚಿಸಲು ಹೋಗಿ ಇದ್ದ ನಿಗಾವನ್ನೂ ಕಳೆದುಕೊಂಡಂತಾಯಿತು.

ರಕ್ತದಲ್ಲಿ ಆಗುವುದೇನು? ಮುಖ್ಯವಾಗಿ ಎರಡು ಬದಲಾವಣೆ. ಟ್ರೈಗ್ಲಿಸರೈಡ್ ಎಂಬ ಕೊಬ್ಬಿನಂಶ ಏರುತ್ತದೆ. ಕೆಲವರಲ್ಲಿ ಲಿವರ್‌ನ ಕಿಣ್ವಗಳೂ ಏರುತ್ತವೆ. ಕೊಬ್ಬು ಮಿತಿಮೀರಿದ ರಕ್ತವನ್ನು ಲ್ಯಾಬಿನಲ್ಲಿ ಯಂತ್ರಕ್ಕೆ ಹಾಕಿ ತಿರುಗಿಸಿದರೆ, ಕೆಂಪುಕಣಗಳ ಮೇಲೆ ತಿಳಿಹಳದಿಯಾಗಿ ನಿಲ್ಲಬೇಕಾದ ದ್ರವ ಹಾಲಿನಂತೆ ಬೆಳ್ಳಗೆ ನಿಲ್ಲುತ್ತದೆ. ಆ ನಳಿಕೆ ಹಿಡಿದ ತಂತ್ರಜ್ಞರಿಗೆ ಅಂಕಿ ಬರುವ ಮೊದಲೇ ವಿಷಯ ತಿಳಿದಿರುತ್ತದೆ. 150ರೊಳಗೆ ಇರಬೇಕಾದ ಟ್ರೈಗ್ಲಿಸರೈಡ್ 500 ದಾಟಿದರೆ ಔಷಧದ ಪ್ರಮಾಣ ಇಳಿಸಬೇಕು ಅಥವಾ ನಿಲ್ಲಿಸಬೇಕು. ಸಾವಿರದ ಹತ್ತಿರ ಹೋದರೆ ಮೇದೋಜ್ಜೀರಕ ಗ್ರಂಥಿ ಊದಿಕೊಳ್ಳುವ ಭಯ. ಇದು ಅಪರೂಪ. ಹೆಚ್ಚಿನವರಲ್ಲಿ ಏರಿಕೆ ಸಣ್ಣದು, ಔಷಧ ನಿಲ್ಲಿಸಿದ ಮೇಲೆ ತಾನಾಗಿ ಇಳಿಯುತ್ತದೆ. ಸಕ್ಕರೆ ಕಾಯಿಲೆ, ಬೊಜ್ಜು, ಕುಡಿತ, ಮನೆತನದಲ್ಲೇ ಕೊಬ್ಬಿನ ದೋಷ ಇರುವವರ ವಿಷಯ ಬೇರೆ. ಅವರನ್ನು ಹೆಚ್ಚು ಸಲ ನೋಡಲೇಬೇಕು.

ಉಳಿದ ಆರೋಗ್ಯವಂತರಿಗೆ ಎಷ್ಟು ಪರೀಕ್ಷೆ ಬೇಕು? ಹಲವು ಖಂಡಗಳ ಮೊಡವೆ ತಜ್ಞರು ಸೇರಿ 2022ರಲ್ಲಿ ‘ಜಾಮಾ ಡರ್ಮಟಾಲಜಿ’ ಪತ್ರಿಕೆಯಲ್ಲಿ ಒಮ್ಮತದ ಅಭಿಪ್ರಾಯ ಪ್ರಕಟಿಸಿದರು. ಲಿವರ್‌ಗೆ ಎಎಲ್‌ಟಿ, ಕೊಬ್ಬಿಗೆ ಟ್ರೈಗ್ಲಿಸರೈಡ್, ಈ ಎರಡು ಸಾಕು. ಔಷಧ ಶುರುಮಾಡುವ ಮುನ್ನಿನ ಒಂದು ತಿಂಗಳೊಳಗೆ ಒಮ್ಮೆ, ಪ್ರಮಾಣ ಗರಿಷ್ಠಕ್ಕೆ ಮುಟ್ಟಿದಾಗ ಇನ್ನೊಮ್ಮೆ. ಪ್ರತಿ ತಿಂಗಳು ಬೇಡ, ಔಷಧ ಮುಗಿದ ಮೇಲೂ ಬೇಡ. ಬಿಲಿರುಬಿನ್, ಅಲ್ಬುಮಿನ್, ಎಲ್‌ಡಿಎಲ್, ಎಚ್‌ಡಿಎಲ್, ರಕ್ತಕಣಗಳ ಎಣಿಕೆ ಯಾವುದೂ ವಾಡಿಕೆಯಾಗಿ ಬೇಕಿಲ್ಲ. ಅಮೆರಿಕದ ಚರ್ಮರೋಗ ತಜ್ಞರ ಅಕಾಡೆಮಿ 2024ರಲ್ಲಿ ತಂದ ಮಾರ್ಗಸೂಚಿಯೂ ಆರೋಗ್ಯವಂತರಿಗೆ ರಕ್ತಕಣಗಳ ಎಣಿಕೆ ಅನಗತ್ಯ ಎನ್ನುತ್ತದೆ. ಹೆಣ್ಣುಮಕ್ಕಳ ಮೊಡವೆಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್ ವಿಷಯದಲ್ಲೂ ಹಾಗೇ ಆಯಿತು. ಅದನ್ನು ನುಂಗುವ ಆರೋಗ್ಯವಂತ ಯುವತಿಯರಿಗೆ ಪೊಟ್ಯಾಸಿಯಂ ಪರೀಕ್ಷೆ ಮತ್ತೆ ಮತ್ತೆ ಮಾಡಿಸುವುದು ವ್ಯರ್ಥವೆಂದು 2015ರ ಅಧ್ಯಯನವೊಂದು ತೋರಿಸಿತು.

ನಮ್ಮಲ್ಲಿ ಪ್ಯಾಕೇಜುಗಳ ಕಾಲ. ಒಂದು ಸೂಜಿಗೆ ಎಪ್ಪತ್ತು ಪರೀಕ್ಷೆ ಎಂಬ ಜಾಹೀರಾತು ನೋಡಿ, ಇದು ಅಗ್ಗವೆಂದು ಜನ ನಂಬುತ್ತಾರೆ. ಎಪ್ಪತ್ತು ಅಂಕಿ ಬಂದರೆ ಅದರಲ್ಲಿ ಎರಡು ಮೂರಾದರೂ ದಪ್ಪಕ್ಷರದಲ್ಲಿ ಅಚ್ಚಾಗಿಯೇ ಇರುತ್ತವೆ. ಭೋರ್‌ನಲ್ಲಿ ಜುಲೈ ತಿಂಗಳು ಭತ್ತದ ನಾಟಿ. ಮೂರು ದಿನ ಬಗ್ಗಿ ನಾಟಿ ಮಾಡಿದ ಹುಡುಗನ ರಕ್ತದಲ್ಲಿ ಎಸ್‌ಜಿಒಟಿ ಏರಿದ್ದರೆ ಅದು ಲಿವರ್‌ನಿಂದಲೇ ಬಂದದ್ದು ಎನ್ನುವಂತಿಲ್ಲ. ಆ ಕಿಣ್ವ ಸ್ನಾಯುವಿನಲ್ಲೂ ಇದೆ; ದಣಿದ ಸ್ನಾಯು ಅದನ್ನು ರಕ್ತಕ್ಕೆ ಬಿಡುತ್ತದೆ. ಜಿಮ್‌ಗೆ ಹೋಗುವವರಲ್ಲೂ ಹೀಗೇ. ತಜ್ಞರು ಎಎಲ್‌ಟಿಯನ್ನೇ ಆರಿಸಿದ್ದಕ್ಕೆ ಇದೂ ಒಂದು ಕಾರಣ. ನಮ್ಮ ಲ್ಯಾಬುಗಳ ವರದಿಯಲ್ಲಿ ಎಸ್‌ಜಿಪಿಟಿ ಎಂದು ಅಚ್ಚಾಗುವುದು ಅದೇ. ಟ್ರೈಗ್ಲಿಸರೈಡ್‌ಗೆ ಇನ್ನೊಂದು ತೊಡಕು. ಒಂಬತ್ತರಿಂದ ಹನ್ನೆರಡು ಗಂಟೆ ಏನೂ ತಿನ್ನದೆ ರಕ್ತ ಕೊಟ್ಟರೆ ಅಂಕಿ ನಂಬಬಹುದು. ಬೆಳಗಿನ ಬಸ್ಸು ಹತ್ತುವ ಮೊದಲು ಚಹಾ, ಪುಣೆಯ ಸ್ವಾರಗೇಟ್‌ನಲ್ಲಿ ಇಳಿದು ವಡಾಪಾವ್ ತಿಂದು ಲ್ಯಾಬಿಗೆ ಹೋದರೆ ಅಂಕಿ ಏರದೆ ಇನ್ನೇನಾದೀತು? ಆ ಅಂಕಿಗೆ ಹೆದರಿ ಔಷಧ ನಿಲ್ಲಿಸಿದರೆ ಮುಖದ ಕಲೆ ಆಜೀವ ಉಳಿಯುತ್ತದೆ. ರಕ್ತವನ್ನು ಊರಲ್ಲೇ, ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ ತೆಗೆಯಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಈಗ ಕೈಬಿಟ್ಟ ಪರೀಕ್ಷೆಗೆ ಬರೋಣ. ಐಸೊಟ್ರೆಟಿನಾಯಿನ್‌ನ ನಿಜವಾದ ಅಪಾಯ ಲಿವರ್‌ನಲ್ಲಿಲ್ಲ, ಗರ್ಭದಲ್ಲಿದೆ. ಗರ್ಭದ ಮೊದಲ ವಾರಗಳಲ್ಲಿ ಈ ಔಷಧ ಸೇರಿದರೆ ಮಗುವಿನ ಕಿವಿ, ಹೃದಯ, ಮಿದುಳು, ಥೈಮಸ್ ಗ್ರಂಥಿ ಕೆಡುತ್ತವೆ ಎಂಬುದನ್ನು ಎಡ್ವರ್ಡ್ ಲ್ಯಾಮರ್ ಮತ್ತು ಸಂಗಡಿಗರು 1985ರಲ್ಲೇ ದಾಖಲಿಸಿದರು. ಗಂಭೀರ ಅಂಗದೋಷದ ಸಾಧ್ಯತೆ ಶೇ 20ರಿಂದ 35 ಎಂದು ವೈದ್ಯ ಸಾಹಿತ್ಯ ಹೇಳುತ್ತದೆ. ಅಮೆರಿಕ 2006ರಲ್ಲಿ ‘ಐಪ್ಲೆಡ್ಜ್’ ಎಂಬ ನೋಂದಣಿ ವ್ಯವಸ್ಥೆ ತಂದು, ಗರ್ಭ ಧರಿಸಬಲ್ಲವರಿಗೆ ಔಷಧಕ್ಕೆ ಮೊದಲು ಎರಡು ಗರ್ಭಪರೀಕ್ಷೆ, ನಂತರವೂ ಪರೀಕ್ಷೆ ಕಡ್ಡಾಯ ಮಾಡಿತು. ಬ್ರಿಟನ್ 2023ರಲ್ಲಿ ಹದಿನೆಂಟು ತುಂಬದವರಿಗೆ ಔಷಧ ಬರೆಯಬಲ್ಲ ಇಬ್ಬರ ಒಪ್ಪಿಗೆ ಬೇಕೆಂಬ ನಿಯಮ ತಂದಿತು. ನಮ್ಮಲ್ಲಿ ಅಂಥ ನೋಂದಣಿ ಇಲ್ಲ.

ನಮ್ಮಲ್ಲಿ ಗರ್ಭಪರೀಕ್ಷೆ ತಪ್ಪುತ್ತಿರುವುದು ಅದು ಸಿಗದೆಯೇ? ಖಂಡಿತ ಅಲ್ಲ. ‘ನಿಶ್ಚಯ್’ ಹೆಸರಿನ ಮೂತ್ರಪರೀಕ್ಷೆಯ ಕಿಟ್ ಆಶಾ ಕಾರ್ಯಕರ್ತೆಯರ ಚೀಲದಲ್ಲೇ ಇರುತ್ತದೆ. ಕೆಲವು ಹನಿ ಮೂತ್ರ, ಐದು ನಿಮಿಷ, ಎರಡು ಗೆರೆಯೋ ಒಂದೋ. ತಡೆಯುವುದು ಬಾಯಿ. ತಾಯಿಯ ಪಕ್ಕ ಕೂತ ಹತ್ತೊಂಬತ್ತರ ಅವಿವಾಹಿತೆಗೆ ‘ಗರ್ಭಪರೀಕ್ಷೆ ಮಾಡಿಸಮ್ಮ’ ಎನ್ನಲು ವೈದ್ಯರು ಅಳುಕುತ್ತಾರೆ. ತಾಯಿ ‘ನಮ್ಮ ಮಗಳನ್ನ ಏನಂದ್ಕೊಂಡ್ರಿ ಡಾಕ್ಟ್ರೇ?’ ಎಂದು ಎದ್ದರೆ ಗತಿ ಏನು? ಅದಕ್ಕೆ ಎಸ್‌ಜಿಪಿಟಿ, ಲಿಪಿಡ್, ಸಿಬಿಸಿ, ಥೈರಾಯ್ಡ್ ಎಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದು, ಐದನೆಯದನ್ನು ಬರೆಯದೆ ಬಿಡುತ್ತಾರೆ. ಹದಿನೆಂಟು ತುಂಬದವಳಾದರೆ ಇನ್ನೊಂದು ಹೆದರಿಕೆ: ಗರ್ಭವೆಂದು ತಿಳಿದರೆ ಪೋಕ್ಸೊ ಕಾಯ್ದೆಯಡಿ ವರದಿ ಮಾಡುವ ಹೊಣೆ ವೈದ್ಯರ ಮೇಲೆ ಬೀಳುತ್ತದೆ.

ಇದಕ್ಕೆ ಪರಿಹಾರ ನಿಯಮ. ಮದುವೆಯಾದವರು, ಆಗದವರು, ಕಾಲೇಜಿನವರು, ಗದ್ದೆಯವರು ಎಂದು ನೋಡದೆ, ಮುಟ್ಟು ಶುರುವಾಗಿ ಇನ್ನೂ ನಿಲ್ಲದ ಪ್ರತಿಯೊಬ್ಬರಿಗೂ ಈ ಪರೀಕ್ಷೆ ಎಂದು ಆಸ್ಪತ್ರೆಯ ಗೋಡೆಯ ಮೇಲೆ ಮರಾಠಿಯಲ್ಲಿ, ನಮ್ಮಲ್ಲಾದರೆ ಕನ್ನಡದಲ್ಲಿ, ಬರೆದುಬಿಡಬೇಕು. ಎಲ್ಲರಿಗೂ ಅನ್ವಯಿಸುವ ಪ್ರಶ್ನೆ ಯಾರ ಶೀಲವನ್ನೂ ಶಂಕಿಸುವುದಿಲ್ಲ. ಜೊತೆಗೆ ಐದು ನಿಮಿಷ ತಾಯಿಯನ್ನು ಹೊರಗೆ ಕೂರಿಸಿ ಹುಡುಗಿಯೊಡನೆ ಮಾತಾಡುವ ಪದ್ಧತಿ ಬರಬೇಕು. ಔಷಧದ ಕಾಲವಿಡೀ ಮತ್ತು ನಿಲ್ಲಿಸಿದ ಮೇಲೂ ಕನಿಷ್ಠ ಒಂದು ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು ಎಂಬುದನ್ನು ಅವಳ ಭಾಷೆಯಲ್ಲಿ ಹೇಳಬೇಕು. ಮದುವೆ ನಿಶ್ಚಯವಾಗಿದೆ, ಅಷ್ಟರಲ್ಲಿ ಮುಖ ತಿಳಿಯಾಗಲಿ ಎಂದು ಅವಸರಪಡುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಈ ಮಾತು ಮೊದಲು ತಲುಪಬೇಕಾದ್ದು ಆ ಮನೆಗಳಿಗೆ.

ಅಂಗಡಿಯ ಬಾಗಿಲನ್ನೂ ನೋಡಬೇಕು. ಐಸೊಟ್ರೆಟಿನಾಯಿನ್ ಶೆಡ್ಯೂಲ್ ಎಚ್ ಔಷಧ, ಚೀಟಿಯಿಲ್ಲದೆ ಮಾರುವಂತಿಲ್ಲ. ಸ್ಟಿರಾಯ್ಡ್ ಬೆರೆತ ಮುಖದ ಕ್ರೀಮುಗಳ ಹಾವಳಿ ಕಂಡು ಕೇಂದ್ರ ಸರ್ಕಾರ 2018ರ ಮಾರ್ಚ್‌ನಲ್ಲಿ ಅಂಥ 14 ಔಷಧಗಳನ್ನು ಇದೇ ಪಟ್ಟಿಯಡಿ ಬಿಗಿಗೊಳಿಸಿತು. ನಿಯಮ ಕಾಗದದಲ್ಲಿ ಗಟ್ಟಿಯಾಗಿಯೇ ಇದೆ. ಚೀಟಿ ಕೇಳದ ಅಂಗಡಿಯವರು ‘ಮೊದಲು ಯಾವ ಮಾತ್ರೆ ತಗೊಳ್ತಿದ್ದೆ’ ಎಂದೂ ಕೇಳುವುದಿಲ್ಲ. ಮೊಡವೆಗೇ ಕೊಡುವ ಡಾಕ್ಸಿಸೈಕ್ಲಿನ್ ಜೊತೆ ಇದನ್ನು ನುಂಗಿದರೆ ತಲೆಬುರುಡೆಯೊಳಗಿನ ಒತ್ತಡ ಏರುವ ಅಪಾಯವಿದೆ. ಯಾವ ರಕ್ತಪರೀಕ್ಷೆಯಲ್ಲೂ ಅದು ಮುಂಚಿತವಾಗಿ ಕಾಣುವುದಿಲ್ಲ, ಕೇಳಿಯೇ ತಿಳಿಯಬೇಕು. ಮನಸ್ಸು ಕುಗ್ಗಿದೆಯೇ, ನಿದ್ದೆ ಬರುತ್ತಿದೆಯೇ ಎಂಬುದೂ ಹಾಗೇ.

ಖರ್ಚಿನ ಪ್ರಶ್ನೆಗೆ ಉತ್ತರ ಸರ್ಕಾರದ ಕೈಯಲ್ಲೇ ಇದೆ. ಕೇಂದ್ರದ ಉಚಿತ ರೋಗಪತ್ತೆ ಯೋಜನೆ 2015ರಲ್ಲಿ ಬಂತು. ಅದರ ಪಟ್ಟಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 63, ಉಪಜಿಲ್ಲಾ ಆಸ್ಪತ್ರೆಗೆ 111 ಪರೀಕ್ಷೆಗಳಿವೆ. ಮಹಾರಾಷ್ಟ್ರದಲ್ಲಿ 2017ರಿಂದ ‘ಮಹಾಲ್ಯಾಬ್’ ಹೆಸರಿನಲ್ಲಿ ಸರ್ಕಾರಿ ಆಸ್ಪತ್ರೆಗಳ ರಕ್ತದ ಮಾದರಿಗಳನ್ನು ಒಯ್ದು ಪರೀಕ್ಷಿಸುವ ಏರ್ಪಾಡಿದೆ. 2023ರ ಆಗಸ್ಟ್ 15ರಿಂದ ಆರೋಗ್ಯ ಇಲಾಖೆಯ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪೂರ್ತಿ ಉಚಿತ. ಹೀಗಿರುವಾಗ ಭೋರ್‌ನ ಹುಡುಗಿ ಒಂದು ಎಸ್‌ಜಿಪಿಟಿ, ಒಂದು ಟ್ರೈಗ್ಲಿಸರೈಡ್, ಒಂದು ಮೂತ್ರಪರೀಕ್ಷೆಗೆ ಪುಣೆ ಬಸ್ಸು ಹತ್ತಬೇಕಾಗಿಲ್ಲ. ಪುಣೆಯ ತಜ್ಞರು ಚೀಟಿಯ ಮೇಲೆ ‘ತಾಲ್ಲೂಕು ಆಸ್ಪತ್ರೆಯ ವರದಿ ಸಾಕು’ ಎಂದು ಬರೆದರೆ ಆಯಿತು. ಆ ಒಂದು ಸಾಲಿಗೆ ಹಣ ಬೇಕಿಲ್ಲ, ಮನಸ್ಸು ಬೇಕು. ಖಾಸಗಿ ಲ್ಯಾಬಿಗೇ ಹೋಗುವವರು ವರದಿಯ ಕೆಳಗೆ ಯಾರ ಸಹಿ ಇದೆ ಎಂದು ನೋಡಲಿ: ಪೆಥಾಲಜಿಯಲ್ಲಿ ಸ್ನಾತಕೋತ್ತರ ಪದವಿ ಪಡೆದ ನೋಂದಾಯಿತ ವೈದ್ಯರೇ ಸಹಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ಹೇಳಿದೆ. ಕರ್ನಾಟಕದಲ್ಲಿ ಲ್ಯಾಬುಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿಸಿ ದರಪಟ್ಟಿ ತೂಗುಹಾಕಬೇಕು. ಕೇಳುವ ಹಕ್ಕು ನಮಗಿದೆ.

ಗರ್ಭದ ಮಾತು ಬಂದ ಕೂಡಲೇ ಇದು ಹೆಣ್ಣುಮಕ್ಕಳ ತಲೆನೋವು ಎಂದು ಗಂಡುಮಕ್ಕಳು ಪಕ್ಕಕ್ಕೆ ಸರಿಯುವಂತಿಲ್ಲ. ಈ ಔಷಧ ನುಂಗುವವರು ಆ ಅವಧಿಯಲ್ಲೂ, ನಿಲ್ಲಿಸಿದ ಮೇಲೆ ಒಂದು ತಿಂಗಳವರೆಗೂ ರಕ್ತದಾನ ಮಾಡಬಾರದು. ಆ ರಕ್ತ ಗರ್ಭಿಣಿಯೊಬ್ಬಳಿಗೆ ಹೋಗಬಹುದು. ಶಿವಜಯಂತಿಗೆ, ಗಣೇಶೋತ್ಸವಕ್ಕೆ ಪುಣೆಯ ಸುತ್ತಲಿನ ಊರುಗಳಲ್ಲಿ ರಕ್ತದಾನ ಶಿಬಿರಗಳು ಸಾಲುಗಟ್ಟುತ್ತವೆ, ನಮ್ಮ ಕಡೆ ರಾಜ್ಯೋತ್ಸವಕ್ಕೆ. ಸರದಿಯಲ್ಲಿ ನಿಂತವರಲ್ಲಿ ಹೆಚ್ಚಿನವರು ಹದಿನೆಂಟರಿಂದ ಇಪ್ಪತ್ತೈದರ ಹುಡುಗರು, ಮೊಡವೆಯ ವಯಸ್ಸಿನವರು. ಶಿಬಿರ ನಡೆಸುವ ಮಂಡಳಿಗಳವರು ಈ ವರ್ಷದಿಂದಲೇ ಮೈಕಿನಲ್ಲಿ ಇದೊಂದು ಪ್ರಶ್ನೆ ಕೂಗಿ ಕೇಳಲಿ: ಮೊಡವೆಗೆ ಕ್ಯಾಪ್ಸೂಲ್ ತಗೊಳ್ತಿದ್ದೀರಾ, ಕೊನೆಯದು ನುಂಗಿ ತಿಂಗಳಾಯಿತಾ?