ಶಬ್ದವಿಚಾರ: ‘ಇನ್’ ಎಂಬ ಉಪಸರ್ಗ

ಪೆಟ್ರೋಲನ್ನು ಸಾಗಿಸುವ ಟ್ಯಾಂಕರುಗಳ ಹಿಂಬದಿಯಲ್ಲಿ ‘ಹೈಲಿ ಇನ್‌ಫ್ಲ್ಯಾಮಬಲ್’ ಎಂದು ದಪ್ಪಕ್ಷರಗಳಲ್ಲಿ ಬರೆದಿರುವುದನ್ನು ವಾಚಕರು ನೋಡಿಯೇ ಇರುವರು. ಇಂಗ್ಲಿಷನ್ನು ಕ್ರಮವಾಗಿ ಕಲಿತ ಬಾಲಕನು ಇದನ್ನು ಹೇಗೆ ತಿಳಿಯಬೇಕು? ‘ಕರೆಕ್ಟ್’ ಎಂದರೆ ಸರಿಯಾದುದು, ‘ಇನ್‌ಕರೆಕ್ಟ್’ ಎಂದರೆ ಸರಿಯಲ್ಲದುದು. ‘ವಿಸಿಬಲ್’ ಎಂದರೆ ಕಾಣುವಂಥದು, ‘ಇನ್‌ವಿಸಿಬಲ್’ ಎಂದರೆ ಕಾಣದುದು. ಈ ನ್ಯಾಯದಂತೆ ನಡೆದರೆ ಟ್ಯಾಂಕರಿನಲ್ಲಿರುವುದು ಸ್ವಲ್ಪವೂ ಉರಿಯದ ಪದಾರ್ಥವೆಂದಾಗುವುದು! ತರ್ಕದಲ್ಲಿ ದೋಷವಿಲ್ಲ, ಅದನ್ನು ನಂಬಿ ಬೆಂಕಿಕಡ್ಡಿ ಗೀರಿದವನ ಗತಿ ಮಾತ್ರ ಹೇಳತೀರದು.

ಲ್ಯಾಟಿನ್ ಭಾಷೆಯಲ್ಲಿ ‘ಇನ್’ ಎಂಬ ಒಂದೇ ರೂಪದ ಎರಡು ಉಪಸರ್ಗಗಳಿದ್ದವು. ಒಂದು, ನಮ್ಮ ವೈಯಾಕರಣರು ‘ನಞ್’ ಎಂದು ಕರೆಯುವ ನಿಷೇಧ. ಮತ್ತೊಂದು, ‘ಒಳಗೆ’, ‘ಮೇಲೆ’ ಎಂಬರ್ಥದ್ದು; ಇದರಲ್ಲಿ ನಿಷೇಧದ ಗಂಧವೂ ಇಲ್ಲ. ‘ಫ್ಲಾಮ್ಮ’ ಎಂದರೆ ಜ್ವಾಲೆ. ‘ಇನ್‌ಫ್ಲಾಮಾರೆ’ ಎಂದರೆ ಹೊತ್ತಿಸುವುದು. ಇದರಿಂದ ಹುಟ್ಟಿದ ಶಬ್ದಕ್ಕೆ ‘ಹೊತ್ತಿಕೊಳ್ಳತಕ್ಕುದು’ ಎಂದಲ್ಲದೆ ಬೇರೆ ಅರ್ಥವಿಲ್ಲ. ವೈದ್ಯರ ‘ಇನ್‌ಫ್ಲಮೇಷನ್’ ಇದರ ಒಡಹುಟ್ಟು. ನಾವು ಅದನ್ನು ‘ಉರಿಯೂತ’ವೆನ್ನುವೆವು. ಎರಡರಲ್ಲಿಯೂ ಇರುವುದು ಉರಿಯೇ.

ಈ ಗೊಂದಲದಿಂದ ಅನಾಹುತವಾದೀತೆಂದು ಅಮೆರಿಕದ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘವು 1920ರ ದಶಕದಲ್ಲಿಯೇ ‘ಇನ್’ ಅನ್ನು ಕೈಬಿಟ್ಟು ‘ಫ್ಲ್ಯಾಮಬಲ್’ ಎಂದು ಬರೆಯಬೇಕೆಂದು ಒತ್ತಾಯಪಡಿಸಿತು. 1959ರಲ್ಲಿ ಬ್ರಿಟಿಷ್ ಮಾನಕ ಸಂಸ್ಥೆಯೂ ಅದೇ ಸಲಹೆಯನ್ನಿತ್ತಿತು. ಹಳೆಯ ಶಬ್ದವೇ ಶುದ್ಧವೆಂದು ವಾದಿಸುವ ಪಂಡಿತರಿದ್ದಾರೆ. ಇರಲಿ, ಎಚ್ಚರಿಕೆಯ ಮಾತು ಪಂಡಿತರಿಗಾಗಿ ಬರೆದುದಲ್ಲ, ಅರ್ಧ ಕಲಿತವನಿಗಾಗಿ ಬರೆದುದು ಎಂಬುದು ನಮ್ಮ ಅಭಿಪ್ರಾಯ. ನಮ್ಮ ರಸ್ತೆಗಳಲ್ಲಿ ಹಳೆಯ ರೂಪವು ಇನ್ನೂ ಉಳಿದಿರುವುದರಿಂದ, ಸ್ಪಿರಿಟ್, ಬಣ್ಣ, ಸೊಳ್ಳೆಯೌಷಧ ಮುಂತಾದವುಗಳ ಡಬ್ಬಿಗಳ ಮೇಲೆ ಈ ಎರಡರಲ್ಲಿ ಯಾವುದಿದ್ದರೂ ಅದನ್ನು ಒಲೆಯಿಂದ ದೂರವಿಡುವಂತೆ ಗೃಹಿಣಿಯರು ಮಕ್ಕಳಿಗೆ ತಿಳಿಸಿಕೊಡಬೇಕು. ‘ನಾನ್’ ಎಂದು ಮೊದಲಾದರೆ ಮಾತ್ರ ಉರಿಯದ ವಸ್ತು.

ಇನ್ನು ನಿಜವಾದ ನಿಷೇಧದ ‘ಇನ್’ ನಮಗೆ ಪರಕೀಯವಲ್ಲ. ಸಂಸ್ಕೃತದ ‘ಅ’, ‘ಅನ್’, ಗ್ರೀಕಿನ ‘ಅ’, ಇಂಗ್ಲಿಷಿನ ‘ಅನ್’ ಇವೆಲ್ಲವೂ ಇದರ ದಾಯಾದಿಗಳು. ಒರಟನನ್ನು ಇಂಗ್ಲಿಷರು ‘ಅನ್‌ಕೂತ್’ ಎನ್ನುವರು. ಪ್ರಾಚೀನ ಇಂಗ್ಲಿಷಿನಲ್ಲಿ ಈ ಶಬ್ದಕ್ಕೆ ‘ಅಜ್ಞಾತ’ವೆಂದಷ್ಟೇ ಅರ್ಥವಿದ್ದಿತು, ಧಾತುವೂ ನಮ್ಮ ‘ಜ್ಞಾ’ ಧಾತುವಿನ ಬಂಧುವೇ. ಗುರುತಿಲ್ಲದವನು ವಿಚಿತ್ರನಾಗಿ ತೋರಿದನು, ವಿಚಿತ್ರನು ಒರಟನಾದನು. ಊರಿಗೆ ಬಂದ ಅಪರಿಚಿತನಿಗೆ ಎಲ್ಲೆಡೆಯೂ ಇದೇ ಪಾಡು!

‘ಇನ್‌ವ್ಯಾಲ್ಯುಅಬಲ್’ ಎಂಬುದರಲ್ಲಿ ಇರುವುದು ನಿಷೇಧವೇ. ಆದರೂ ಅದು ಬೆಲೆಯಿಲ್ಲದುದಲ್ಲ, ಬೆಲೆ ಕಟ್ಟಲಾಗದುದು, ನಮ್ಮ ‘ಅಮೂಲ್ಯ’ದಂತೆಯೇ. ಆದುದರಿಂದ ಉಪಕಾರ ಮಾಡಿದವರಿಗೆ ಇಂಗ್ಲಿಷಿನಲ್ಲಿ ಕಾಗದ ಬರೆಯುವಾಗ, ಒಂದೇ ಅರ್ಥವೆಂದು ಭ್ರಮಿಸಿ, ತಮ್ಮ ಸಹಾಯವು ‘ವ್ಯಾಲ್ಯುಲೆಸ್’ ಎಂದು ಬರೆದುಬಿಟ್ಟರೆ ಮರಳಿ ಸಹಾಯವು ದೊರೆಯುವುದು ಕಷ್ಟ.